ಕಿಟಕಿ ಎಡಕ್ಕೋ ಬಲಕ್ಕೋ

ಪೇಂಟರ್ ಹುಸೇನಸಾಬ ಮೂರು ಗೋಡೆಗೆ ತಿಳಿಹಸಿರು ಬಳಿದು
ನಾಲ್ಕನೆಯದಕ್ಕೆ ಬರಲೇ ಇಲ್ಲ.
ಮಗಳ ಬಾಣಂತನ ಅಂತ ಜಮಖಂಡಿಗೆ ಹೋದವ
ಫೋನಿನಲ್ಲಷ್ಟೇ ಬರುತ್ತಿದ್ದ:
‘ನಾಳೆ ಬಾಯಾರ, ನಾಳೆ.’

ನವನಗರದ ಈ ಮನೆಗೆ ಸೆಕ್ಟರಿದೆ, ನಂಬರಿದೆ.
ಇವರ ಬಾಯಲ್ಲಿ ಮಾತ್ರ ಇನ್ನೂ ‘ಹೊಸಾ ಮನಿ’,
ಇಪ್ಪತ್ತೈದು ವರ್ಷದ ಹೊಸದು.
ಹಳೆಯದು ಹಿನ್ನೀರಿನ ತಳದಲ್ಲಿ.
ನಾನು ಕಂಡಿಲ್ಲ.
ರಬಕವಿಯ ಮಗ್ಗದ ಮನೆಯಿಂದ ಬಂದವಳು,
ನೀರು ಬಂದ ಮೇಲೆ.

ಭಾನುವಾರ. ಕರೆಂಟು ಹೋಗಿತ್ತು.
ಮಗಳು ಪ್ರಣತಿ ಬರಿಗೋಡೆಗೆ ಇದ್ದಿಲಲ್ಲಿ ಒಂದು ಚೌಕ ಎಳೆದು
ಮೇಲೊಂದು ತ್ರಿಕೋನ ಇಟ್ಟಳು.
‘ಏನದು?’ ಅಂದರು ಅತ್ತೆ.
‘ಮನಿ.’
‘ಮನಿ ಹಂಗಿರತೈತೇನ? ಕೊಡಿಲ್ಲಿ.’

ಮೊದಲು ಹೊಸ್ತಿಲು ಬರೆದರು.
ಆಮೇಲೆ ತೊಲೆಬಾಗಿಲು, ಗ್ವಾದಲಿ, ಅದಕ್ಕೆ ಕಟ್ಟಿದ ಎಮ್ಮೆ,
ಎಮ್ಮೆ ದೊಡ್ಡದಾಗಿ ಪಡಸಾಲೆಗೆ ಜಾಗ ಸಾಲದೆ
ಪಡಸಾಲೆಯನ್ನೇ ಒಂದು ಮೊಳ ಮೇಲೆತ್ತಿದರು.
ರಂಗೋಲಿ ಬಿಟ್ಟು ಬೇರೇನೂ ಬರೆದವರಲ್ಲ ನೀಲವ್ವ.
ಗೆರೆ ಎತ್ತದೆ ಎಳೆಯುತ್ತಿದ್ದರು, ಚುಕ್ಕಿಯಿಂದ ಚುಕ್ಕಿಗೆ ಎಂಬಂತೆ.

ಮೊಸರಿನ ಪಾಕೀಟು ಹಿಡಿದು ಬಂದ ಇವರು
ಚಪ್ಪಲಿ ಬಿಡುವುದನ್ನೇ ಮರೆತರು.
‘ಅವ್ವಾ, ಮೆಟ್ಟಲ ಮೂರಲ್ಲ, ನಾಕು.
ಕಿಟಕಿ ಎಲ್ಲಿ? ಬಾಗಲದ ಬಲಕ್ಕಿತ್ತು.’
ಅತ್ತೆ ಇದ್ದಿಲು ತಡೆದು ನಿಂತರು.
‘ಕಾಡಪ್ಪಗ ಫೋನ್ ಮಾಡು.
ಕಿಟಕಿ ಅವಗ ಗೊತ್ತು.’

ಕಾಡಪ್ಪ. ಎರಡು ಸೆಕ್ಟರಿನಾಚೆ ಇರುವ ಮೈದುನ.
ಪರಿಹಾರದ ಹಣ ಪಾಲಾದಂದಿನಿಂದ
ಹೆಣಕ್ಕಷ್ಟೇ ಬರುವವ.
ಇವರು ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು.
ನಾನು ಏನು ಹೇಳಲಿ?
‘ಕಿಟಕಿ ಎಲ್ಲಿತ್ತಂತ ಕೇಳಾಕತ್ತಾರ್ರಿ’ ಅಂದೆ.
ಆ ಕಡೆ ಸುಮಾರು ಹೊತ್ತು ಯಾವುದೋ ಕುಕ್ಕರಿನ ಸೀಟಿ.

ಹೆಲ್ಮೆಟ್ಟು ಕಂಕುಳಲ್ಲಿಟ್ಟೇ ಬಂದ. ಕೂಡಲಿಲ್ಲ.
ನೋಡಿದ. ಬಾಗಿಲ ಮಗ್ಗುಲಿಗೆ ಬೆರಳಿಟ್ಟ.
‘ಎಡಕ್ಕ.’
‘ಬಲಕ್ಕ’ ಅಂದರು ಇವರು.
‘ನನಗ ಹೇಳತೀಯೇನ? ಅದರಾಗ ಜಿಗಿದವ ನಾನು.’
‘ಅದರ ಸರಳ ಎತ್ತಿದವ ನಾನು.’
ದನಿ ಏರಿತು. ಮಗಳು ನನ್ನ ಸೆರಗು ಹಿಡಿದಳು.
ಇಂಥದೇ ದನಿ ಹಿಂದೊಮ್ಮೆ ಕೋರ್ಟಿನವರೆಗೆ ಹೋಗಿತ್ತು.

ಅತ್ತೆ ನಗತೊಡಗಿದರು. ನಕ್ಕು ಕೆಮ್ಮಿ
ಕಣ್ಣೊರೆಸಿ ಹಣೆಗೆಲ್ಲ ಮಸಿ ಮಾಡಿಕೊಂಡು:
‘ಇಬ್ಬರದೂ ಖರೇನ ಐತಿ.
ಎರಡನೇ ಆಟ ಮುಗಿಸಿ ಇಂವ ಹೊರಗ ನಿಂದರತಿದ್ದ,
ಸಪ್ಪಳಾಗದಂಗ ನೀ ಒಳಗಿಂದ ಸರಳ ಎತ್ತತಿದ್ದಿ.
ಎದ್ದ ಇರತಿದ್ದೆ ನಾನು. ನಿಮ್ಮಪ್ಪನೂ.’

ಯಾರೂ ಮಾತಾಡಲಿಲ್ಲ.
ಪ್ರಣತಿ ಎರಡೂ ಕಡೆ ಒಂದೊಂದು ಕಿಟಕಿ ಬರೆದಳು.

ಆಮೇಲೆ ಬಣ್ಣ. ಅದು ನನ್ನ ಕೆಲಸ,
ನೂಲಿಗೆ ಬಣ್ಣ ಕಟ್ಟಿದವರ ಮಗಳು.
ಕೆಮ್ಮಣ್ಣು ಕಲಸಿದೆ, ಅರಿಶಿನ ಕದಡಿದೆ,
ಬಟ್ಟೆಯ ನೀಲಿ ನಾಲ್ಕು ಹನಿ ಸುಣ್ಣಕ್ಕೆ ಬಿಟ್ಟೆ.
ಅಣ್ಣ ಮಾಳಿಗೆಗೆ, ತಮ್ಮ ಹಗೇವಿಗೆ,
ಹೆಲ್ಮೆಟ್ಟು ಮೂಲೆಯಲ್ಲಿ ಅಂಗಾತ.
ನಾನು ಕುಂಚ ಹಿಡಿದು ಸುಮ್ಮನೆ ನಿಂತೆ.
ಕಾಣದ ಮನೆಯಲ್ಲಿ ಯಾವುದನ್ನು ಬಳಿಯುವುದು?
ಅತ್ತೆ ಬೆಳಕಿಂಡಿಯ ಕೆಳಗೆ ಬೆರಳಿಟ್ಟರು:
‘ಇಲ್ಲಿ ಬಿಸಲ ಛಲೋ ಬೀಳತಿತ್ತು.
ಒಂದು ಮಗ್ಗ ಹಾಕ್ಕೋ.’

ಹಾಕಿಕೊಂಡೆ. ಕುಣಿ ತೋಡಿ, ಲಾಳಿ ಇಟ್ಟು,
ಇಲಕಲ್ಲಿನ ಕೆಂಪು ಸೆರಗು ಅರ್ಧ ನೇಯ್ದು ಬಿಟ್ಟೆ.

ಮೈದುನ ರೊಟ್ಟಿ ಉಂಡು ಹೋದ.
ಪಾಲಿನ ಮಾತು ಬರಲಿಲ್ಲ, ಬಗೆಹರಿಯಲೂ ಇಲ್ಲ.
ಬುಧವಾರ ಮತ್ತೆ ಬಂದ,
ಎಮ್ಮೆಗೆ ಕೋಡು ಸಣ್ಣದಾಯಿತಂತೆ.

ಹುಸೇನಸಾಬ ಬಂದದ್ದು ಮರುವಾರ.
ಡಬ್ಬಿ ಇಳಿಸಿ, ರೋಲರ್ ಹಿಡಿದು, ಗೋಡೆ ನೋಡಿದ.
‘ಇದರ ಮ್ಯಾಲೆ ಹಚ್ಚಲೇನ್ರಿ?’
ನಾವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಹತ್ತಿರ ಹೋದ. ಹೊಸ್ತಿಲ ಬಳಿ ಬಾಗಿದ.
‘ನಮ್ಮ ಮನಿ ಇದರ ಹಿಂದ, ಎರಡು ಓಣಿ ಬಿಟ್ಟು…’
ಕೈ ಚಾಚಿ ಅಳೆದ. ಗೋಡೆ ಮುಗಿಯುತ್ತಿತ್ತು.
ಕಿಸೆ ತಡಕಿ ಪೆನ್ಸಿಲ್ ತೆಗೆದು
ಮೂಲೆ ತಿರುಗಿ,
ತಾನೇ ಬಳಿದ ತಿಳಿಹಸಿರಿನ ಮೇಲೆ
ಒಂದು ಗೆರೆ ಎಳೆದ.