ಬಣ್ಣ ಬೇಯಿಸಿದವನ ಡಬ್ಬಿ

ವುಚ್ ನಗರದ ಟ್ರಾಮಿನಲ್ಲಿ ಕಿಟಕಿ ಪಕ್ಕ ಕೂತಿದ್ದೇನೆ,
ಕೋಟಿನ ಒಳಜೇಬಲ್ಲಿ ನನ್ನದೇ ಉಚ್ಚೆ,
ತಿರುಪು ಮುಚ್ಚಳದ ಡಬ್ಬಿ, ಮೇಲೊಂದು ಚೀಟಿ:
ಬೊಗುಮಿವ್ ಸ್ಕೋವ್ರೋನ್, ಎಪ್ಪತ್ತೊಂದು.
ಇನ್ನೂ ಬೆಚ್ಚಗಿದೆ.
ಎದುರಿನವಳ ಮಡಿಲಲ್ಲಿ ಬನ್ನಿನ ಪೊಟ್ಟಣ, ಅದೂ ಬೆಚ್ಚಗಿರಬೇಕು.
ತಿರುವು ಬಂದಾಗ ಇಬ್ಬರೂ ಕೈ ಅಡ್ಡ ಹಿಡಿಯುತ್ತೇವೆ.

ಮೂವತ್ತು ವರ್ಷ ಬಣ್ಣ ಬೇಯಿಸಿದೆ.
ಬಾನಿಗಿಳಿದ ಹತ್ತಿಬಟ್ಟೆ ಮೇಲೆದ್ದು ಬರುವಾಗ
ಯಾರದೋ ಮದುವೆಯ ಮೇಜುಹಾಸು, ಯಾರದೋ ಸೈನಿಕನಂಗಿ.
ಮಣಿಕಟ್ಟಿನ ತನಕ ನಾನು ನೀಲಿ.
ಮೊದಲ ರಾತ್ರಿ ವಿಯೆಸ್ವಾವಾ ನಕ್ಕಿದ್ದಳು:
"ಕೈಗವಸು ತೆಗೆಯೋದಿಲ್ಲವೇನು?"

ಕೆಂಪಿನಲ್ಲಿ ನಲವತ್ತು ಕೆಂಪು ಗೊತ್ತು ನನಗೆ, ನಂಬರಿನ ಸಮೇತ.
ಹಾಗಾಗಿ ಆವತ್ತು ಬೆಳಿಗ್ಗೆ ಬಗ್ಗಿ ನೋಡಿ
"ನಿನ್ನೆಯ ಬೀಟ್‌ರೂಟ್ ಸಾರು" ಅಂತ ಅವಳಿಗೆ ಹೇಳಿದರೂ
ಬೀಟ್‌ರೂಟಲ್ಲ ಅದು.
ಬೀಟ್‌ರೂಟಿನ ಅಂಚಿಗೆ ಒಂದು ನೇರಳೆ ಇರುತ್ತದೆ.
ಎರಡು ತಿಂಗಳು ಸುಮ್ಮನಿದ್ದೆ,
ಆ ನೇರಳೆ ಬರಲಿ ಅಂತ.

ಆಮೇಲೆ ಕೊಳವೆ.
ಮೂರು ತಿಂಗಳಿಗೊಮ್ಮೆ, ಕಾಲು ಎರಡು ದಿಕ್ಕಿಗೆ.
ಕೆಮ್ಮಿ ಅನ್ನುತ್ತಾರೆ; ಕೆಮ್ಮಿದರೆ, ಒಳಗೆ.
ಪರದೆಯ ಮೇಲೆ ನನ್ನ ಮೂತ್ರಕೋಶ:
ದೀಪ ಹಚ್ಚಿಟ್ಟ ಖಾಲಿ ಕೋಣೆ, ಒದ್ದೆ ಗುಲಾಬಿ ಗೋಡೆ,
ಕ್ಯಾನ್ಸರ್ ಕೆರೆದು ತೆಗೆದಲ್ಲಿ ಬಿಳಿ ತೇಪೆ.
ಮನೆಗೆ ಬಂದರೆ ಮೂರು ದಿನ ಗಾಜಿನಪುಡಿ ಹೊಯ್ದ ಹಾಗೆ.
ನಾಚಿಕೆ ಬಿಟ್ಟು ಹೇಳುತ್ತೇನೆ, ಕೋಣೆ ಮಾತ್ರ ಚೆಲುವಾಗಿತ್ತು.

"ಈ ಸಲ ಡಬ್ಬಿ ಸಾಕು" ಅಂದರು ಡಾಕ್ಟರಮ್ಮ.
"ಕೊಳವೆ ಪೂರ್ತಿ ತಪ್ಪೋದಿಲ್ಲ, ಕಡಿಮೆಯಾಗುತ್ತೆ."
"ಡಬ್ಬಿಯಲ್ಲಿ ಏನು ಹುಡುಕ್ತೀರಿ?"
"ಗೋಡೆಯಿಂದ ಉದುರಿದ್ದನ್ನ. ಅದರೊಳಗಿನ ಬರಹ ಎಲ್ಲಿ ತಪ್ಪಿದೆ ಅಂತ."
"ಯಾವ ಬಣ್ಣ?"
"ಬಣ್ಣ ಇರೋದಿಲ್ಲ."

ಬೆಳಿಗ್ಗೆ ಅಡುಗೆಮನೆಯ ಬೆಳಕಿಗೆ ಹಿಡಿದು ನೋಡಿದೆ.
ತೆಳು ಹಳದಿ. ಮೂರು ಸಲ ಜಾಲಿಸಿದ ಹುಲ್ಲಿನ ಬಣ್ಣ.
ನಮ್ಮ ಮೇಸ್ತ್ರಿಯಾಗಿದ್ದರೆ ಮುದ್ರೆ ಒತ್ತಿ ಕಳಿಸುತ್ತಿದ್ದ.
ಮೇಸ್ತ್ರಿ ಹೋದದ್ದೂ ಇದರಲ್ಲೇ,
ಪಕ್ಕದ ಬಾನಿಯ ಲುಟ್ಸಿಯಾನನೂ.
ಬಟ್ಟೆಗೆ ಹತ್ತದೆ ಉಳಿದದ್ದೆಲ್ಲ
ನದಿಗೆ ಹೋಯಿತು ಅಂದುಕೊಂಡಿದ್ದೆವು.

ಪ್ರಯೋಗಾಲಯದ ಕಿಟಕಿ. ಒಳಗಿನ ಹುಡುಗಿ ಕೈ ಚಾಚಿದಳು,
ಮಣಿಕಟ್ಟಿನ ತನಕ ನೀಲಿ.
"ಹತ್ತು ದಿನ ಬಿಟ್ಟು ಫೋನ್ ಮಾಡಿ."
ಆ ನೀಲಿಯ ನಂಬರು ನಾಲಿಗೆ ತುದಿಗೆ ಬಂದಿತ್ತು.
ಕೇಳಿದ್ದು ಮಾತ್ರ ಇಷ್ಟು:
ಅಲ್ಲಿಯ ತನಕ
ಬೀಟ್‌ರೂಟ್ ತಿನ್ನಬಹುದೇ?