ಮನ್ಯಾಗ ಯಾರಿಗರ ಐತೇನು?

ಬ್ಯಾಡಗಿಯೊಳಗ ಜನವರಿ ಬಂತಂದ್ರ
ಗಾಳಿಗೂ ಕೆಂಪು ಹತ್ತತೈತಿ.
ಮಾರ್ಕೆಟ್ ದಾಟೋ ಬಸ್ಸಿನ್ಯಾಗ
ಹೊಸಬರು ಸೀನತಾರ, ನಾವು ನಗತೇವಿ.
ಹುಟ್ಟಿದಾಗಿಂದ ಕುಡದ ಗಾಳಿ,
ನಮಗೇನ ಮಾಡತೈತಿ ಅಂತ ಒಂದು ಸೊಕ್ಕು.

ತನುಜಾಗ ಇನ್ನೂ ಏಳು ತುಂಬಿಲ್ಲ.
ರಾತ್ರಿ ಎರಡಕ್ಕ ಎದ್ದು ಕುಂದರತಾಳ,
ಮೊಣಕಾಲ ಮ್ಯಾಲ ಎರಡೂ ಕೈ ಊರಿ,
ಹೆಗಲು ಕಿವಿತನಕ ಏರಿಸಿ,
ಎರಡು ಕೊಡ ಹೊತ್ತಾಕಿ ಹಂಗ.
ಗಂಟಲ ಕೆಳಗಿನ ತಗ್ಗು
ಒಳಗ ಹೋಗತೈತಿ, ಹೊರಗ ಬರತೈತಿ,
ನಾನು ಎಣಸ್ಕೋತ ಕುಂದರತೇನಿ.
ನಲವತ್ತು ದಾಟಿದ ಮ್ಯಾಲ ಎಣಿಕಿ ತಪ್ಪತೈತಿ.

ಹಾವೇರಿ ದವಾಖಾನ್ಯಾಗ ಡಾಕ್ಟರಮ್ಮ
ಎದಿಗೆ ಕೊಳವಿ ಇಟ್ಟು ಕಣ್ಣು ಮುಚ್ಚಿದ್ಲು.
ಆಮ್ಯಾಲ ಪೆನ್ನು ತಗದ್ಲು.
ಮನ್ಯಾಗ ಕಿಡಕಿ ಎಷ್ಟು?
ಒಂದು ಐತ್ರಿ.
(ಅದರ ಮುಂದ ಚೀಲ ಒಟ್ಟೇವಿ ಅನ್ನಲಿಲ್ಲ.)
ಒಲಿ?
ಗ್ಯಾಸ್ ಐತ್ರಿ.
(ಜಳಕದ ನೀರಿಗೆ ಹತ್ತಿಕಟಗಿ.)
ಬೀಡಿ?
ಅವರು ಹೊರಗ ಸೇದತಾರ್ರಿ.
ಹೊರಗ ಅಂದ್ರ ಹೊಸ್ತಿಲದ ಮ್ಯಾಲ.

ಮೆಣಸಿನಕಾಯಿ ಮಾತು ನಾ ಎತ್ತಲಿಲ್ಲ.
ಚೀಲ ಮನಿಗೆ ತಂದು, ನಡುಮನ್ಯಾಗ ಸುರುವಿ,
ತುಂಬು ಮುರದ ರೊಕ್ಕದಾಗಽ
ಆಕಿ ಪಾಟಿಚೀಲ ಕೊಂಡಿದ್ದು.
ಮುರದ ಕೈಲೆ ಆಕಿ ಕಣ್ಣು ಮುಟ್ಟಬಾರದು,
ಅಷ್ಟು ನನಗ ಗೊತ್ತಿತ್ತು.
ಉಸುರು ಕಣ್ಣಿಗೆ ಕಾಣೂದಲ್ಲ.

ಆಮ್ಯಾಲ ಆ ಪ್ರಶ್ನೆ:
ಮನ್ಯಾಗ ಯಾರಿಗರ ಐತೇನು, ಈ ದಮ್ಮು?
ನಮ್ಮತ್ತಿ ಫಕ್ಕೀರವ್ವ ಸೆರಗು ಸರಿಮಾಡ್ಕೊಂಡು
"ನಮ್ಮ ಕಡೆ ಏಳು ತಲಿಗಿಲ್ಲರಿ ಯವ್ವಾ" ಅಂದ್ಲು.
ಅಷ್ಟು ಹೇಳಾಕ ಮೂರು ಸಲ ಉಸುರು ತಗೊಂಡ್ಲು.

ನಾದಿನಿಗೆ ರಾಣೇಬೆನ್ನೂರಿನ ವರ ನೋಡೇವಿ,
ಆ ಮಾತು ಗೋಡಿಗೂ ಕೇಳಬಾರದು.
ಅತ್ತಿಯ ಅಕ್ಕ ಹೊಳಿಯವ್ವ
ಹನ್ನೊಂದಕ್ಕಽ ಹೋದಾಕಿ.
ಗಾಳಿ ಬಡದು ಸತ್ಲು ಅಂತಾರ.
ಗಾಳಿ ಸಿಗದ ಸತ್ಲೇನೋ.

ಆಗ ತನುಜಾ, ಯಾರೂ ಕೇಳದಿದ್ರೂ,
"ಅಜ್ಜಿ ಎದ್ಯಾಗ ಒಂದು ಬೆಕ್ಕು ಐತ್ರಿ,
ರಾತ್ರಿ ಒದರತೈತಿ.
ನನ್ನ ಎದ್ಯಾಗಿಂದು ಅದರ ಮರಿ.
ಅವ್ವ ಚೀಲ ಸುರುವಿದ್ರ
ಎರಡೂ ಎದ್ದು ಕುಂದರತಾವು."

ಡಾಕ್ಟರಮ್ಮ ನಗಲಿಲ್ಲ, ಬೈಲೂ ಇಲ್ಲ.
ಬರದ್ಲು.
ನೀರಿನ ಬಾಟ್ಲಿ ತಳಾ ಕೊರದು, ಪಂಪು ಸಿಗಿಸಿ,
ಹಿಂಗ ಜಗ್ಗು, ಹತ್ತು ಎಣಿಸೂತನಕ ಬಿಡಬ್ಯಾಡ,
ಇದು ಚಟ ಹತ್ತೂದಲ್ಲ, ಅಂಜಬ್ಯಾಡ್ರಿ ಅಂದ್ಲು.

ಮೋಟೆಬೆನ್ನೂರು ದಾಟೂತನಕ
ಬಸ್ಸಿನ್ಯಾಗ ನಮ್ಮೊಳಗ ಮಾತಿಲ್ಲ.
ಆಮ್ಯಾಲ ಅತ್ತಿ, ಕಿಡಕಿ ಕಡೆ ಮಾರಿ ಮಾಡಿ,
"ಹೊಳಿಯವ್ವನೂ ಹಿಂಗಽ ಕುಂದರತಿದ್ಲು,
ಮೊಣಕಾಲ ಮ್ಯಾಲ ಕೈ ಊರಿ" ಅಂದ್ಲು.
ಟಿಕೆಟ್ಟು ಮಡಚಿ ಮಡಚಿ
ಜ್ವಾಳದ ಕಾಳಿನಷ್ಟು ಮಾಡಿದ್ಲು.

ಕಿಡಕಿ ಕೊಂಡಿಗೆ ತುಕ್ಕು ಹಿಡದಿತ್ತು,
ಕಲ್ಲಲೆ ಬಡದು ತಗದ್ವಿ.
ಚೀಲ ಈಗ ಹಿತ್ತಲ ತಗಡಿನ ಕೆಳಗ;
ಬಿಟ್ಟೇನಿ ಅಂದ್ರ ಸುಳ್ಳು,
ಜಳಕಾ ಮಾಡಿ ಸೀರಿ ಬದಲಿಸಿ ಒಳಗ ಬರತೇನಿ.
ಇವರು ಗಟಾರದ ಆಚೆ ನಿಂತು ಸೇದತಾರ.
ಅಂಗಿ ಮಾತ್ರ ಇನ್ನೂ ಹಳೇ ಹಾದಿಲೆ
ಒಳಗ ಬರತೈತಿ.

ನಿನ್ನೆ ರಾತ್ರಿ ಪುಸ್ ಅಂತ ಒಂದು ಸದ್ದಾತು.
ಕೂಸು ನನ್ನ ತೋಳಿನ ಮ್ಯಾಲ ಮಲಗಿತ್ತು,
ಅದರ ಬೆಕ್ಕಿನ ಮರಿನೂ.
ಕತ್ತಲ್ಯಾಗ ಅತ್ತಿ ಬಳಿ ಮಿಸುಕಿದ್ವು.
ಎಚ್ಚರ ಇದ್ದೇನಿ ಅಂತ ತೋರಸಲಿಲ್ಲ,
ಆಕಿ ಸಲುವಾಗಿ ಮನಸಿನ್ಯಾಗ ಎಣಸಿದೆ.
ಒಂದು. ಎರಡು. ಮೂರು.
ಏಳಕ್ಕ ಬಿಟ್ಲು.

ಸ್ವಲ್ಪ ಹೊತ್ತು ಬಿಟ್ಟು
ಮತ್ತ ಪುಸ್ ಅಂತು.