ಪೂರ್ತಿ ಅಳಿಸಬಾರದು

ಪೂರ್ತಿ ಅಳಿಸಬಾರದು. ಅದು ನಾನು ಕಲಿತ ಮೊದಲ ಪಾಠ.
ಒಂದು ಬುಧವಾರ ಎಲ್ಲವನ್ನೂ ಒರೆಸಿ ಎದ್ದಿದ್ದೆ;
ಸಂಜೆ ವಾಮನ ಮೌಸ್ ಆಡಿಸುತ್ತ ಕೇಳಿದ:
"ಇವತ್ತು ಕಂಪ್ಯೂಟರ್ ಯಾರೂ ಮುಟ್ಟಲೇ ಇಲ್ಲವಾ?"
ಪರದೆ ಅಷ್ಟು ಬೆಳ್ಳಗಿತ್ತು.
ರೂವಿಯ ಈ ಮನೆಯಲ್ಲಿ ಬೆಳಿಗ್ಗೆ ಒರೆಸಿದ ಕಿಟಕಿಕಟ್ಟೆಯ ಮೇಲೆ
ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು.
ಧೂಳಿಲ್ಲದ ಜಾಗ ಕಂಡರೆ ಯಾರಿಗಾದರೂ ಅನುಮಾನವೇ.

ಅಂದಿನಿಂದ ಆರಿಸಿ ಆರಿಸಿ ಅಳಿಸುತ್ತೇನೆ,
ಅಕ್ಕಿಯ ಕಲ್ಲು ಹೆಕ್ಕಿದ ಹಾಗೆ.
ಡ್ರೈವಿಂಗ್ ಕ್ಲಾಸಿನ ಫೀಸು, ಹೆಕ್ಕು.
ಡ್ರಮ್ಮುಗಳ ನಡುವೆ ರಿವರ್ಸ್ ಹೋಗುವ ವಿಡಿಯೋ,
ಹನ್ನೊಂದು ಸಲ ನೋಡಿದ್ದು, ಹೆಕ್ಕು.
"ಮೂವತ್ತೊಂಬತ್ತಕ್ಕೆ ಕಾರು ಕಲಿಯಬಹುದೇ?"
ಇದನ್ನು ಕನ್ನಡದಲ್ಲೇ ಕೇಳಿದ್ದೆ; ಯಂತ್ರ ತಬ್ಬಿಬ್ಬಾಗಿ
ಯಾವುದೋ ಜಾತಕದ ಪುಟ ತೋರಿಸಿತ್ತು. ಅದನ್ನೂ.
ಬಿಡುವುದು:
ಅಂಜಲ್ ಮೀನಿನ ಗಸಿ,
ತನ್ವಿತಾಳ ಅರಬ್ಬಿ ಹೋಮ್‌ವರ್ಕು,
ಮಂಗಳೂರಿಗೆ ಮೇ ತಿಂಗಳ ಟಿಕೆಟ್ಟಿನ ದರ,
ಮತ್ತೆ, ಯಾರ ಮನೆಯಲ್ಲಿ ಇಲ್ಲ ಹೇಳಿ, ಇವತ್ತಿನ ಚಿನ್ನದ ರೇಟು.
ಯಾವುದೂ ಸುಳ್ಳಲ್ಲ. ಒಟ್ಟು ಸೇರಿಸಿದರೆ ಸುಳ್ಳು.
ಕಿತ್ತ ಹಲ್ಲಿನ ಹಾಗೆ ನಡುವೆ ಸಂದು ಕಾಣದಂತೆ
ಗಂಟೆಗೊಂದು ಪುಟ ಸುಮ್ಮನೆ ತೆರೆದು ಮುಚ್ಚುತ್ತಿದ್ದೆ.

(ಅವನು ಬೇಡ ಅಂದವನಲ್ಲ. "ನಾನಿದ್ದೇನಲ್ಲ" ಅಂದವನು.
ಬೇಡ ಅಂದಿದ್ದರೆ ಜಗಳವಾಡಿಯಾದರೂ ಕಲಿಯಬಹುದಿತ್ತು.)

ಒಂಬತ್ತಕ್ಕೆ ಥುರಯ್ಯಾ ಕೆಳಗೆ ಹಾರ್ನ್ ಹಾಕುತ್ತಾಳೆ,
ಅಬಾಯಾದ ತೋಳು ಮೇಲಕ್ಕೆ ಮಡಚಿ, ಕಾಲಿಗೆ ಓಟದ ಬೂಟು.
ಬ್ಲೌಸು ಹೊಲಿದು ಕೂಡಿಟ್ಟ ರಿಯಾಲುಗಳನ್ನು
ಎಣಿಸದೆ ಪರ್ಸಿಗೆ ಹಾಕಿಕೊಳ್ಳುತ್ತಾಳೆ.
ಅವಳ ಹಿಂದಿಯಲ್ಲಿ ಇರುವುದೇ ಆರೇಳು ಮಾತು:
"ಮೊದಲು ಕನ್ನಡಿ. ಆಮೇಲೆ ರಿವರ್ಸ್."
ವಾದಿ ಕಬೀರಿನ ಬೋಳು ಗುಡ್ಡಗಳು ಕನ್ನಡಿಯೊಳಗೆ
ಸಣ್ಣಗೆ, ಹುರಿದ ಕಡಲೆಯ ಬಣ್ಣದಲ್ಲಿ.
ಎರಡು ಸಲ ಡ್ರಮ್ಮಿಗೆ ತಾಗಿಸಿದೆ.
ಆ ಸದ್ದು ರಾತ್ರಿ ಪಾತ್ರೆ ತೊಳೆಯುವಾಗಲೂ ಕೇಳಿತು.

ಮೊನ್ನೆ ಹೆಕ್ಕುತ್ತ ಕೂತವಳಿಗೆ
ಚಿನ್ನದ ರೇಟು ಎರಡು ಸಲ ಕಂಡಿತು.
ಹನ್ನೊಂದೂವರೆಯದ್ದು ನನ್ನದು, ಬೇಕೆಂದೇ ಇಟ್ಟದ್ದು.
ರಾತ್ರಿ ಎರಡೂ ಹತ್ತರದ್ದು?
ಹಿಂದಿನ ದಿನ ಎರಡೂ ಇಪ್ಪತ್ತು. ಅದರ ಹಿಂದೆ ಒಂದೂ ಐವತ್ತು.
ಮೂರು ವಾರ ಹಿಂದಕ್ಕೆ ಹೋದೆ, ಕನ್ನಡಿ ನೋಡುತ್ತ.
ಎಲ್ಲ ರಾತ್ರಿಯೂ ಅದೊಂದೇ ಪುಟ,
ಅದರ ಆಚೀಚೆ ಸ್ವಚ್ಛ.
ಅವನೂ ಹೆಕ್ಕುತ್ತಿದ್ದ.
ಇದೊಂದನ್ನು ಯಾಕೆ ಬಿಟ್ಟ ಅಂದರೆ,
ಇದು ಯಾರ ಮನೆಯಲ್ಲಿ ಇಲ್ಲ ಹೇಳಿ.

ಕಪಾಟಿನ ಡಬ್ಬಿ ತೆಗೆದೆ. ಬಳೆ ಎಂಟೂ ಇವೆ.
ಮತ್ತೆ ಎಣಿಸಿದೆ. ಎಂಟು.
ಆದರೆ ಹಿಟ್ಟು ತೂಗುವ ತಕ್ಕಡಿ ಹೋದ ವಾರ
ಸಿಂಕಿನ ಪಕ್ಕ ಯಾಕಿತ್ತು ಎಂದು ಈಗ ತಿಳಿಯಿತು.
ಕಂಪನಿ ಎರಡು ತಿಂಗಳಿಂದ ಸಂಬಳ ನಾಳೆ ನಾಳೆ ಅನ್ನುತ್ತಿದೆಯೋ,
ಮಲ್ಪೆಯ ತಮ್ಮನ ಬೋಟಿಗೆ ಜಾಮೀನು ನಿಂತನೋ,
ಗೊತ್ತಿಲ್ಲ. ಅಳಿಸಿದ ಸಾಲುಗಳಲ್ಲಿ ಇದ್ದಿರಬೇಕು.
ಇಪ್ಪತ್ತು ರಾತ್ರಿ ರೇಟು ನೋಡಿ, ಮುಚ್ಚಿ,
ಬಂದು ನನ್ನ ಪಕ್ಕ ಮಲಗಿದ್ದಾನೆ;
ನಾನು ನಿದ್ದೆಯಲ್ಲಿ ಕ್ಲಚ್ಚು ಒತ್ತುತ್ತಿದ್ದೆ.

ಅವನದನ್ನು ಮುಟ್ಟಲಿಲ್ಲ.
ನನ್ನದರಲ್ಲಿ ಒಂದು, ಟೆಸ್ಟಿನ ತಾರೀಖು ಇರುವ ಪುಟ,
ಬಾಣವನ್ನು ಅದರ ಮೇಲಿಟ್ಟು ಬಹಳ ಹೊತ್ತು ಕೂತೆ.
"ಖಂಡಿತ ಅಳಿಸಬೇಕೆ?" ಎಂದಿತು. ಯಾವಾಗಲೂ ಹಾಗೇ ಕೇಳುತ್ತದೆ.
ಕುಕ್ಕರ್ ಮೂರನೇ ಸಲ ಕೂಗಿತು.
ಎದ್ದು ಹೋದೆ, ಹಾಗೇ ಬಿಟ್ಟು.